ಸಾಲಿಗೆ ಬಾರದ ಕೋವಿ

ಒಂದಾನೊಂದು ಕಾಲದಲ್ಲಿ, ಕಾಡು ಊರೊಳಕ್ಕೂ ಊರು ಕಾಡೊಳಕ್ಕೂ ಹೋಗಿ ಬಂದು ಮಾಡುತ್ತಿದ್ದ ಕಾಲದಲ್ಲಿ, ಒಬ್ಬ ತಾಯಿಗೆ ಒಬ್ಬನೇ ಮಗನಿದ್ದ. ಒಂದು ದಿನ ಎಲ್ಲಿಂದಲೋ ಬಾಣವೊಂದು ಬಂದು ಅವನ ಪಕ್ಕೆಗೆ ನೆಟ್ಟಿತು. ತಾಯಿ ಬಾಣವನ್ನು ಕೇಳಿದಳು, ಯಾಕೆ ಕೊಂದೆ ಅಂತ. ನಾನೇನು ಮಾಡಲಿ ತಾಯೀ, ಬಿಲ್ಲು ಬಿಟ್ಟಿತು, ಬಂದೆ ಅಂದಿತು ಬಾಣ. ಬಿಲ್ಲು ಕೈಯನ್ನು ತೋರಿಸಿತು. ಕೈ ಕಣ್ಣನ್ನು ತೋರಿಸಿತು. ಕಣ್ಣು, ಎದೆಯನ್ನು ಕೇಳು, ಹೆದರಿದ್ದು ಅದು ಅಂದಿತು. ಎದೆ ಮಾತಾಡಲಿಲ್ಲ. ಅದು ಬಾಯಿ ಬಿಡುವವರೆಗೆ ಏಳುವುದಿಲ್ಲವೆಂದು ತಾಯಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಕೋಟೆ ತಾಲ್ಲೂಕಿನ ಬಿದರಕಟ್ಟೆಯಲ್ಲಿ ಹಾಗೆ ಕೂತವಳ ಹೆಸರು ಚಿಕ್ಕಸಿದ್ದಮ್ಮ. ಕೂತದ್ದು ಪೊಲೀಸ್ ಹೊರಠಾಣೆಯ ಜಗುಲಿಯ ಮೇಲೆ. 1947ನೇ ಇಸವಿ ಅಕ್ಟೋಬರ್ 7, ಮಂಗಳವಾರ, ಬೆಳಗ್ಗೆ ಆರೂವರೆ.

ದಫೇದಾರ ಮಂಟಯ್ಯ ಹಲ್ಲುಜ್ಜುತ್ತಿದ್ದವನು ಬೇವಿನ ಕಡ್ಡಿ ಎಸೆದು ಓಡಿಬಂದ. ಅವನು ಪಕ್ಕದ ಊರಿನವನೇ; ಅವಳನ್ನು ಚೆನ್ನಾಗಿ ಬಲ್ಲ.

“ಏನವ್ವ, ಇಷ್ಟೊತ್ಗೇ?”

“ಬರ್ಕೊಳಪ್ಪ. ನನ್ ಮಗುನ್ನ ಒಡ್ದವ್ರೆ. ಬರ್ಕೊ.”

“ಯಾರು ಅಂತ ಬರೀಲವ್ವ?”

“ನೀವೇ ಕಣಪ್ಪ. ಬಂದೂಕ ಎತ್ತಿದ್ದೋರು ನೀವೇ ತಾನೆ? ಊರೆಲ್ಲ ನೋಡೈತೆ.”

ಮಂಟಯ್ಯ ತಿರುಗಿ ಒಳಗೆ ನೋಡಿದ. ಸಬ್ ಇನ್‌ಸ್ಪೆಕ್ಟರ್ ತಿಪ್ಪೇರುದ್ರಯ್ಯ ಮೇಜಿನ ಹಿಂದೆ ಕೂತಿದ್ದ. ರಾತ್ರಿ ಸಮವಸ್ತ್ರ ಬಿಚ್ಚಿರಲಿಲ್ಲ.

ಅವನು ಚಳ್ಳಕೆರೆ ಕಡೆಯವನು. ವರ್ಗವಾಗಿ ಬಂದು ಮೂರು ವಾರ. ಅವನ ಸೀಮೆಯಲ್ಲಿ ನೆಲ ಬೋಳು. ದೂರದಲ್ಲಿ ಒಂದು ಕುರಿ ಕೆಮ್ಮಿದರೂ ಕಾಣುತ್ತದೆ. ಬಂದೂಕಿನ ಸದ್ದು ಕೇಳಿದರೆ ಜನ ವರ್ಷವೆಲ್ಲ ಅದರ ಮಾತಾಡುತ್ತಾರೆ. ಇಲ್ಲಿ ಕುಡುಗೋಲಿನ ಪಕ್ಕದ ಗೂಟಕ್ಕೆ ಕೋವಿ ತೂಗುಹಾಕುತ್ತಾರೆ. ಹೆಂಗಸರು ಅದರ ಮದ್ದಿನ ಕೊಂಬಿಗೆ ಬಟ್ಟೆ ಒಣಹಾಕುತ್ತಾರೆ. ಬಂದ ಮೊದಲ ವಾರ ಅವನಿಗೆ ನಿದ್ದೆ ಬಂದಿರಲಿಲ್ಲ. ಕತ್ತಲಾದರೆ ಹೊಲದ ಕಡೆಯಿಂದ ಈಡಿನ ಸದ್ದು. ಪ್ರತಿ ಸಲವೂ ಎದ್ದು ಕೂರುವನು. ಪ್ರತಿ ಸಲವೂ ಮಂಟಯ್ಯ “ಅಂದಿ ಓಡಿಸ್ತಾವ್ರೆ ಸ್ವಾಮಿ, ಅಂದಿ” ಎಂದು ಮಗ್ಗುಲು ಬದಲಿಸುವನು.

ಅಷ್ಟರಲ್ಲಿ ಚಳವಳಿ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದಿದೆ, ಮೈಸೂರಿಗೆ ಮಾತ್ರ ಯಾಕಿಲ್ಲ ಎಂದು ಜನ ಬೀದಿಗಿಳಿದರು. ಮೊನ್ನೆಯವರೆಗೆ ಬಿದರಕಟ್ಟೆಗೆ ಅದರ ಸುದ್ದಿಯಷ್ಟೇ ಬರುತ್ತಿತ್ತು. ನಿನ್ನೆ, 6ನೇ ತಾರೀಕು ಸೋಮವಾರ, ಮುನ್ನೂರು ಜನ ಚಾವಡಿಯ ಮೇಲೆ ಬಾವುಟ ಕಟ್ಟಲು ಬಂದರು. ಆರು ಜನ ಪೊಲೀಸರನ್ನು ಚಾವಡಿಯ ಮುಂದೆ ನಿಲ್ಲಿಸಿ ತಿಪ್ಪೇರುದ್ರಯ್ಯ ಎರಡು ಸಲ ಎಚ್ಚರಿಸಿದ. ಜನ ಜರುಗಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ “ಬಂದೂಕು ಎತ್ತಿ” ಎಂದ. ಹೆದರಿಸುವುದಕ್ಕೆ, ಅಷ್ಟೆ. ಹೊಡೆಯಿರಿ ಎನ್ನಲಿಲ್ಲ. ಆದರೆ ಒಂದು ಈಡು ಹಾರಿತು. ಚಾವಡಿಯ ಪಕ್ಕದ ನೇರಳೆ ಮರದಿಂದ, ತುದಿಗೆ ಬಾವುಟ ಕಟ್ಟಲು ಹತ್ತಿದ್ದ ಹುಡುಗ ಕೆಳಗೆ ಬಿದ್ದ. ಚಿಕ್ಕಸಿದ್ದಮ್ಮನ ಒಬ್ಬನೇ ಮಗ ಚೆಲುವಯ್ಯ, ವಯಸ್ಸು ಇಪ್ಪತ್ತೆರಡು. ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ಹುಡುಗ ಮಾತ್ರ ಬಾವುಟದ ಮೇಲೆ ಉಳಿದ.

“ಬರಿ, ಮಂಟಯ್ಯ,” ಎಂದ ತಿಪ್ಪೇರುದ್ರಯ್ಯ. “ಆಯಮ್ಮ ಹೇಳಿದ್ದು ಹೇಳಿದಂಗೆ ಬರಿ.”

“ಸ್ವಾಮಿ, ಆರೋಪಿ ಕಾಲಮ್ಮಿನಲ್ಲಿ...”

“ಪೊಲೀಸರು ಅಂತ ಬರಿ.”

ಪ್ರಥಮ ವರ್ತಮಾನ ವರದಿಗೆ ಚಿಕ್ಕಸಿದ್ದಮ್ಮ ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಹಿಡಿದು ನಿಂತಳು.

“ನೀನು ಯಾವೂರೋನಪ್ಪ?”

“ದೂರ, ತಾಯೀ. ಚಳ್ಳಕೆರೆ ಕಡೆ.”

“ಅಂಗಾರೆ ನಿಂಗೆ ಇಲ್ಲಿ ನೆಂಟ್ರು ಇಷ್ಟ್ರು ಯಾರೂ ಇಲ್ಲ. ಒಳ್ಳೇದಾಯ್ತು. ಒಡ್ದೋನ ಎಸ್ರು ಬೇಕು ನಂಗೆ. ನನ್ ಮಗುನ್ನ ಮಣ್ಣು ಮಾಡೋ ತಾವ ನಿಂತ್ಕೊಂಡು ನೀನೇ ಏಳ್ಬೇಕು. ಅಲ್ಲೀಗಂಟ ಎಡೆ ಇಕ್ಕಕ್ಕಿಲ್ಲ. ಅನ್ನೊಂದ್ನೇ ದಿನದ ಕಾರ್ಯ ಮಾಡಕ್ಕಿಲ್ಲ.”

“ಹೇಳ್ತೀನಿ ತಾಯೀ,” ಎಂದುಬಿಟ್ಟ ಅವನು. ಪೊಲೀಸಿನವರು ಹಾಗೆ ಮಾತು ಕೊಡಬಾರದು. ಅವಳು ಹೋದ ಮೇಲೆ ಮಂಟಯ್ಯ ಅದನ್ನೇ ಅಂದ.

ಎಂಟು ಗಂಟೆಗೆ ಪಟೇಲ ವೀರಭದ್ರಸ್ವಾಮಿಯನ್ನೂ ಶಾನುಭೋಗರನ್ನೂ ಪಂಚರಾಗಿ ಕರೆಸಿ ಠಾಣೆಯ ಬಂದೂಕುಗಳ ಪಂಚನಾಮೆ ಮಾಡಿಸಿದ. ಆರು ಬಂದೂಕು, ಅರವತ್ತು ತೋಟಾ. ಒಂದೊಂದನ್ನೂ ಮೇಜಿನ ಮೇಲೆ ನಿಲ್ಲಿಸಿ ಎಣಿಸಿದ. ಅರವತ್ತೂ ಇದ್ದವು. ನಳಿಗೆಗಳೊಳಗೆ ಹೋದ ತಿಂಗಳು ಬಳಿದ ಜಿಡ್ಡು ಹಾಗೇ ಇತ್ತು. ತನ್ನವರು ಹೊಡೆದಿಲ್ಲ. ಎದೆ ಹಗುರಾಯಿತು, ಹಗುರಾಯಿತಲ್ಲ ಎಂದು ಮರುಗಳಿಗೆಯೇ ನಾಚಿಕೆಯೂ ಆಯಿತು.

ಹೆಣವನ್ನು ಎತ್ತಿನ ಗಾಡಿಯಲ್ಲಿ ಹ್ಯಾಂಡ್‌ಪೋಸ್ಟ್ ಊರನ್ನು ಹಾದು ಕೋಟೆಗೆ ಒಯ್ದರು. ಸಂಜೆ ಡಾಕ್ಟರು ಒಂದು ಸಣ್ಣ ಸೀಸೆ ಕೈಗಿಟ್ಟರು. ಒಳಗೆ ಗಜ್ಜುಗಕ್ಕಿಂತ ತುಸು ಚಿಕ್ಕದಾದ ಉರುಟು ಸೀಸದ ಗುಂಡು. ಮನೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದದ್ದು.

“ನಿಮ್ಮ ಬಂದೂಕಿನದಲ್ಲ ಇದು,” ಎಂದರು ಡಾಕ್ಟರು. “ಎಡ ಪಕ್ಕೆಯ ಕೆಳಗೆ ಹೊಕ್ಕು ಭುಜದ ಎಲುಬಿನ ಹತ್ತಿರ ನಿಂತಿದೆ. ಕೆಳಗಿನಿಂದ ಮೇಲಕ್ಕೆ.”

ಮಾರನೆಯ ದಿನ, ಮಣ್ಣು ಮಾಡಿ ಬಂದ ಚಿಕ್ಕಸಿದ್ದಮ್ಮನಿಗೆ ಅವನು ಸೀಸೆ ತೋರಿಸಿದ. ಇದು ಊರಿನ ಕೋವಿಯ ಗುಂಡು ಎಂದ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಅಂಗಾರೆ ಎಸ್ರು ಇನ್ನೂ ಅತ್ರ ಐತೆ,” ಎಂದಳು. “ಉಡ್ಕು.”

ಠಾಣೆಯ ಲೈಸೆನ್ಸ್ ಪುಸ್ತಕದ ಪ್ರಕಾರ ಬಿದರಕಟ್ಟೆಯಲ್ಲಿ ಒಂಬತ್ತು ಕೋವಿ. ಅಕ್ಟೋಬರ್ 9ರಂದು ಒಂಬತ್ತನ್ನೂ ಒಂದಾದ ಮೇಲೊಂದರಂತೆ ಪಟೇಲರ ಜಗುಲಿಗೆ ತರಿಸಿದ. ಮೂಸಿ ನೋಡಿದ. ಒಂಬತ್ತೂ ಮದ್ದಿನ ವಾಸನೆ ಹೊಡೆಯುತ್ತಿದ್ದವು.

“ರಾಗಿ ತೆನೆ ಕಟ್ಟೋ ಕಾಲ ಸ್ವಾಮಿ,” ಎಂದ ಮಂಟಯ್ಯ. “ದಿನಾ ಒಂದೀಡಾದ್ರೂ ಆರ್ಸದೆ ಯಾರ್ ಮಲಗ್ತಾರೆ?”

ಗುಂಡೂ ಅಷ್ಟೆ. ಊರಿಗೆಲ್ಲ ಇದ್ದದ್ದು ಒಂದೇ ಅಚ್ಚು, ಕಮ್ಮಾರನ ಮನೆಯದು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದ. ಎಲ್ಲರೂ ಹೊಲದಲ್ಲಿದ್ದೆವು ಎಂದರು. ಆರನೆಯವನು ದೊಡ್ಡಬೀರಯ್ಯ. ಐವತ್ತರ ಹತ್ತಿರದ, ಹೆಂಡತಿ ಸತ್ತ ಮನುಷ್ಯ. ಮಗ ಮಹದೇವಯ್ಯನೊಬ್ಬನೇ ದಿಕ್ಕು. ಪಡುವಲ ಬೀದಿಯಲ್ಲಿ ಚಿಕ್ಕಸಿದ್ದಮ್ಮನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಚೆಲುವಯ್ಯನ ಗುಂಡಿ ತೋಡಿದವನೂ ಅವನೇ.

“ಆರನೇ ತಾರೀಕು ನಾಕು ಗಂಟೆಗೆ ಎಲ್ಲಿದ್ದೆ?”

“ಒಲ್ದಲ್ಲಿ, ಅಟ್ಟಣೆ ಮ್ಯಾಲೆ, ಬುದ್ಧಿ.”

“ನೋಡಿದವರು?”

“ಅಂದಿಗಳು.”

ಜಗುಲಿಯಲ್ಲಿದ್ದ ನಾಲ್ಕೈದು ಜನ ನಕ್ಕರು. ದೊಡ್ಡಬೀರಯ್ಯ ನಗಲಿಲ್ಲ. ತಿಪ್ಪೇರುದ್ರಯ್ಯ ಅದನ್ನು ಡೈರಿಯಲ್ಲಿ ಬರೆಯಲು ಹೋಗಿ, ನಗದವನ ಮೇಲೆ ಏನು ಬರೆಯುವುದೆಂದು ಬಿಟ್ಟುಬಿಟ್ಟ.

ನೇರಳೆ ಮರದ ಕೊಂಬೆಯಿಂದ ಹಗ್ಗ ಎಳೆಸಿ ನಕ್ಷೆ ಬರೆಸಿದ. ಈಡು ಪಡುವಲ ಬೀದಿಯ ಹಿತ್ತಿಲುಗಳ ಕಡೆಯಿಂದ ಬಂದಿರಬೇಕು. ಆ ಬೀದಿಯಲ್ಲಿ ಹದಿನಾಲ್ಕು ಮನೆ, ನಾಲ್ಕು ಕೋವಿ. ಹದಿನಾಲ್ಕು ಮನೆಯವರೂ ಏನೂ ನೋಡಿರಲಿಲ್ಲ. ಅವನು ಹೋದಲ್ಲೆಲ್ಲ ಮಣೆ ಹಾಕಿದರು, ಮಜ್ಜಿಗೆ ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ. ಅಷ್ಟು ಮರ್ಯಾದೆಯಿಂದ ಬಾಗಿಲು ಹಾಕುವ ಜನವನ್ನು ಅವನು ಎಲ್ಲೂ ಕಂಡಿರಲಿಲ್ಲ. ಕೋವಿಗಳನ್ನು ಅವರವರ ಕೈಯಲ್ಲೇ ಬಿಟ್ಟಿದ್ದ. ಕಿತ್ತುಕೊಂಡರೆ ವರ್ಷದ ಕೂಳು ಹಂದಿಯ ಪಾಲು.

ಅಕ್ಟೋಬರ್ 16 ಹನ್ನೊಂದನೆಯ ದಿನ. ಚಿಕ್ಕಸಿದ್ದಮ್ಮ ಎಡೆಗೆಂದು ತಂದ ಹೊಸ ಕುಡಿಕೆಯನ್ನು ಹೊಸ್ತಿಲ ಪಕ್ಕ ಬೋರಲು ಹಾಕಿ ಕೂತಳು. ಊರ ಹಿರಿಯರು ಬಂದು ಹೇಳಿ ಹೋದರು. ಹುಡುಗನ ಜೀವ ಬೀದಿಯಲ್ಲಿ ಅಲೆಯುತ್ತದೆ, ಸೂತಕ ಊರಿಗೇ ಅಂಟಿಕೊಳ್ಳುತ್ತದೆ ಎಂದರು. ಅವಳು ಕುಡಿಕೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಎಲ್ಲರಿಗಿಂತ ಹೆಚ್ಚು ಸಲ ಬಂದವನು ದೊಡ್ಡಬೀರಯ್ಯ.

“ಮಾಡ್ಬುಡವ್ವ ತಂಗಿ,” ಎಂದು ಅಂಗಲಾಚುತ್ತಿದ್ದ. “ಅಕ್ಕಿ ನಾನು ತತ್ತೀನಿ, ಕುರಿ ನಾನು ತತ್ತೀನಿ. ಕಾರ್ಯ ಒಂದು ಮಾಡ್ಬುಡು. ಕೈ ಮುಗಿತೀನಿ.”

“ನಿಂಗ್ಯಾಕಣ್ಣ ಇಷ್ಟು ಅವಸರ? ಗುಂಡಿ ತೋಡಿ ಕೈ ನೋಯ್ತದ? ಓಗು, ಗೇಯ್ಕೋ ಓಗು.”

ಬೀದಿಯ ತುದಿಯಲ್ಲಿ ನಿಂತಿದ್ದ ತಿಪ್ಪೇರುದ್ರಯ್ಯನಿಗೆ ಅವನು ಮುಗಿದ ಕೈ ಇಳಿಸದೆ ನಿಂತದ್ದು ಕಂಡಿತು. ಒಳ್ಳೆಯ ನೆರೆಯವನು ಎಂದುಕೊಂಡ.

18ರಂದು ಮೇಲಧಿಕಾರಿಗಳ ಕಾಗದ ಬಂತು. ಚಳವಳಿಗಾರರಿಗೂ ಸರ್ಕಾರಕ್ಕೂ ರಾಜಿಯಾಗಿದೆ. ಹಳೆಯ ಗಾಯ ಕೆದಕುವ ಹೊತ್ತಲ್ಲ. ಗುಂಪಿನಲ್ಲಿದ್ದ ಅಪರಿಚಿತನೊಬ್ಬ ಹಾರಿಸಿದ ಗುಂಡೆಂದು ಬರೆದು, ದಸರಾ ಮುಗಿಯುವುದರೊಳಗೆ, ಅಂದರೆ 24ನೇ ತಾರೀಕಿಗೆ ಕಡತ ಮುಕ್ತಾಯ ಮಾಡತಕ್ಕದ್ದು.

ಅಪರಿಚಿತ. ಆ ಪದವನ್ನು ತೆಗೆದುಕೊಂಡು ಹೋಗಿ ಒಂದು ಸಮಾಧಿಯ ಮುಂದೆ ಹೇಳುವುದು ಹೇಗೆ? ನಾಲ್ಕು ದಿನ ಅವನು ಉಂಡದ್ದು ನೆನಪಿಲ್ಲ. ನಕ್ಷೆ ಬಿಚ್ಚುವುದು, ಮಡಿಸುವುದು. ದಿನಾ ಬೆಳಗ್ಗೆ ಪಡುವಲ ಬೀದಿಗೆ ಹೋಗುವುದು, ಮಜ್ಜಿಗೆ ಕುಡಿದು ಬರುವುದು. ಚಿಕ್ಕಸಿದ್ದಮ್ಮ ಅವನನ್ನು ಏನೂ ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ, “ಇನ್ನೂ ಇಲ್ವಾ?” ಎಂದಳು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋದ.

ಅಕ್ಟೋಬರ್ 23, ಗುರುವಾರ. ಆಯುಧಪೂಜೆ. ಠಾಣೆಯ ಬಂದೂಕುಗಳಿಗೆ ಕುಂಬಳಕಾಯಿ ಒಡೆದು, ಒಂಬತ್ತೂವರೆಗೆ ಬಂದೋಬಸ್ತಿನ ನೆಪದಲ್ಲಿ ಅವನೂ ಮಂಟಯ್ಯನೂ ಪಟೇಲರ ಮನೆಗೆ ಹೋದರು. ಊರಿನ ಕೋವಿಗಳಿಗೆಲ್ಲ ಅಲ್ಲೇ ಪೂಜೆ, ತಲೆತಲಾಂತರದ ಪದ್ಧತಿ. ತೊಳೆದ ಜಗುಲಿಯ ಮೇಲೆ ಉದ್ದಕ್ಕೂ ಜಮಖಾನೆ ಹಾಸಿ, ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಪಟೇಲರ ಹೆಂಡತಿ ಯಶೋದಮ್ಮ ಕುಂಕುಮದ ತಟ್ಟೆ ಹಿಡಿದು ಒಂದೊಂದರ ನಳಿಗೆಗೂ ಬೊಟ್ಟಿಟ್ಟು, ಚೆಂಡುಹೂ ಸಿಕ್ಕಿಸುತ್ತ ಬಂದಳು. ಒಂದು, ಎರಡು, ಮೂರು, ನಾಲ್ಕು, ಐದು. ಐದನೆಯದರ ಆಚೆ ಒಂದು ಮೊಳ ಬರಿಯ ಗೋಡೆ. ಆಮೇಲೆ ಮೂರು.

ಯಶೋದಮ್ಮ ಆ ಖಾಲಿ ಜಾಗದ ಮುಂದೆ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡು ದಾಟಿದಳು. ಜಗುಲಿಯಲ್ಲಿ ನಲವತ್ತು ಜನ. ಎಲ್ಲರೂ ಇನ್ನೆಲ್ಲೋ ನೋಡುತ್ತಿದ್ದರು.

ತಿಪ್ಪೇರುದ್ರಯ್ಯ ಮಂಟಯ್ಯನನ್ನು ಬೀದಿಗೆ ಕರೆತಂದ.

“ಎಂಟೇ ಐತೆ. ಇನ್ನೊಂದು ಯಾರದು?”

“ದೊಡ್ಡಬೀರಯ್ಯಂದು ಸ್ವಾಮಿ. ಕೋವಿ ಕುದುರೆ ಸಡಿಲಾಯ್ತು ಅಂತ ಕಮ್ಮಾರಂಗೆ ಕೊಟ್ಟವ್ನಂತೆ.”

“ಸರಿ. ಮತ್ತೆ ಆ ಜಾಗ ಯಾಕೆ ಖಾಲಿ ಬಿಟ್ಟರು? ಆಯಮ್ಮ ಯಾಕೆ ತಟ್ಟೆ ಮುಚ್ಚಿಕೊಂಡಳು?”

ಮಂಟಯ್ಯ ಸೊಂಟದ ಪಟ್ಟಿ ಸರಿಮಾಡಿಕೊಳ್ಳತೊಡಗಿದ.

“ಮಂಟಯ್ಯ.”

“ಇದು ಆಚೆಯೋರ್ಗೆ ಏಳೋ ಮಾತಲ್ಲ ಸ್ವಾಮಿ.”

“ನಾನು ಆಚೆಯವನೇ. ಅದಕ್ಕೇ ಆಯಮ್ಮ ನನ್ನ ಕೈಲಿ ಮಾತು ತಗೊಂಡಿದ್ದು. ಹೇಳು.”

ಮಂಟಯ್ಯ ತನ್ನ ಬೂಟಿನ ತುದಿ ನೋಡುತ್ತ ಹೇಳಿದ. ಕಾಡಂಚಿನ ಊರುಗಳಲ್ಲಿ ಬೇಟೆಯಲ್ಲಿ ಗುರಿ ತಪ್ಪಿ ಮನುಷ್ಯನಿಗೆ ಬಿದ್ದರೆ ಕೋವಿಗೂ ಸೂತಕ. ಅದನ್ನು ಬಾಯಿ ಕೆಳಗೆ ಮಾಡಿ ಅಟ್ಟದಲ್ಲಿ ಕಟ್ಟಬೇಕು. ಹೂವಿಲ್ಲ, ಕುಂಕುಮವಿಲ್ಲ, ಬೇರೆ ಕೋವಿಯ ಪಕ್ಕ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಊರಿನ ಕೋವಿಗಳೆಲ್ಲ ಮನುಷ್ಯರ ಮೇಲೆ ತಿರುಗುತ್ತವೆಂದು ನಂಬಿಕೆ.

“ಎಷ್ಟು ದಿನ?”

“ಸತ್ತೋನ ಕಾರ್ಯ ಆಗೋಗಂಟ ಸ್ವಾಮಿ. ಅನ್ನೊಂದರ ಎಡೆ ಇಕ್ಬುಟ್ರೆ ಕೋವೀದೂ ಕಳೀತದೆ.”

ತಿಪ್ಪೇರುದ್ರಯ್ಯ ಅಲ್ಲೇ ಕಲ್ಲಿನ ಮೇಲೆ ಕೂತ. ಹದಿನಾರನೇ ತಾರೀಕು ಚಿಕ್ಕಸಿದ್ದಮ್ಮ ಆ ಕುಡಿಕೆಯನ್ನು ಮೇಲ್ಮುಖ ಮಾಡಿದ್ದರೆ ಇವತ್ತು ಜಗುಲಿಯಲ್ಲಿ ಒಂಬತ್ತು ಕೋವಿ, ಒಂಬತ್ತು ಬೊಟ್ಟು. ನಾಳೆ ಕಡತ ಮುಕ್ತಾಯ. ಗೋಡೆಯಾಚೆಯವನು ಕೈ ಮುಗಿದು ಬೇಡಿದ್ದು ಯಾಕೆಂದು ಈಗ ತಿಳಿಯಿತು.

“ನಿನಗೆ ಯಾವಾಗ ಗೊತ್ತಾಯಿತು?”

“ಈಗ್ಲೇ, ನಿಮ್ ಜೊತೆ ನೋಡ್ದಾಗ್ಲೇ. ನನ್ ತಾಯಾಣೆ.”

“ಅವರಿಗೆಲ್ಲ?”

“ಅವ್ರಿಗೂ ಈಗ್ಲೇ ಸ್ವಾಮಿ, ಕೋವಿ ಸಾಲಿಗೆ ಬರ್ದಿದ್ದಾಗ. ಅದ್ಕೇ ಯಾರೂ ನೋಡ್ತಿಲ್ಲ.”

ಹತ್ತೂ ಕಾಲಿಗೆ ಕಮ್ಮಾರನನ್ನು ಕೇಳಿದರು. ಯಾರ ಕೋವಿಯೂ ತನ್ನ ಹತ್ತಿರ ಬಂದಿಲ್ಲವೆಂದ. ಹತ್ತು ಮುಕ್ಕಾಲಿಗೆ ಇಬ್ಬರು ಪಂಚರೊಡನೆ ದೊಡ್ಡಬೀರಯ್ಯನ ಮನೆ. ಹಬ್ಬದ ದಿನ, ಬಾಗಿಲಿಗೆ ತೋರಣವಿರಲಿಲ್ಲ. ಮಗ ಮಹದೇವಯ್ಯ ಎತ್ತಿನ ಕೊಂಬಿಗೆ ಎಣ್ಣೆ ಸವರುತ್ತಿದ್ದ. ತಂದೆ ಗೋಡೆಗೊರಗಿ ಕೂತಿದ್ದ.

“ಕೋವಿ ಎಲ್ಲಪ್ಪಾ?”

ದೊಡ್ಡಬೀರಯ್ಯನ ಕಣ್ಣು ಅಟ್ಟದ ಕಡೆ ಹೋಯಿತು. ಮಂಟಯ್ಯ ಏಣಿ ಹತ್ತಿ ಇಳಿಸಿದ: ಕರಿಕಂಬಳಿಯಲ್ಲಿ ಸುತ್ತಿ, ಬಾಯಿ ಕೆಳಗಾಗಿ ತೊಲೆಗೆ ಕಟ್ಟಿದ್ದ ಕೋವಿ. ಅದರ ಕುದುರೆ, ಮದ್ದಿಗೆ ಬಡಿಯುವ ಕೀಲು, ಗಟ್ಟಿಯಾಗೇ ಇತ್ತು.

“ಏನಪ್ಪಾ ಇದು?” ಎಂದ ಮಹದೇವಯ್ಯ. ಅವನ ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. “ಯಾಕಪ್ಪಾ ಕಟ್ಟಿದ್ದೀಯೆ?”

“ಇವತ್ತು ಸಾಲಿಗಿಟ್ಟಿದ್ದರೆ ಯಾರಿಗೂ ತಿಳೀತಿರಲಿಲ್ಲ,” ಎಂದ ತಿಪ್ಪೇರುದ್ರಯ್ಯ ಮೆಲ್ಲಗೆ. “ಯಾಕೆ ಇಡಲಿಲ್ಲ?”

“ಅದೆಂಗಿಕ್ಕಲಿ ಬುದ್ಧಿ?” ದೊಡ್ಡಬೀರಯ್ಯ ಆಶ್ಚರ್ಯದಿಂದಲೇ ಕೇಳಿದ. “ಮಿಕ್ಕ ಎಂಟು ಮನೇಲೂ ಮಕ್ಳಿಲ್ವಾ?”

ಆಮೇಲೆ ಅವನು ನಿಲ್ಲಿಸದೆ ಹೇಳಿದ. ಮಂಟಯ್ಯ ಬರೆದುಕೊಂಡ.

“ಒಲದಿಂದ ಬತ್ತಿದ್ದೆ. ಕೋವೀಲಿ ಅಂದೀಗೆ ಅಂತ ಗುಂಡು ತುಂಬೇ ಇತ್ತು. ಇತ್ತಲ ಗೋಡೆ ತಾವ ನಿಂತು ನೋಡ್ತೀನಿ, ಇವ್ನು, ನಮ್ಮುಡ್ಗ, ಮುಂದ್ಗಡೆ ಸಾಲಲ್ಲವ್ನೆ. ಎದೆ ಬಿಚ್ಕೊಂಡು ನಿಂತವ್ನೆ. ಎದುರ್ಗೆ ನಿಮ್ಮೋರು. ಕೂಗುದ್ರೆ ಕೇಳ್ತದಾ ಆ ಗದ್ಲದಲ್ಲಿ? ಆನೆ ಇಂಡು ಒಲಕ್ಕೆ ಬಿದ್ರೆ ಏನ್ ಮಾಡ್ತೀವಿ ನಾವು? ತಲೆ ಮ್ಯಾಲೆ ಒಂದೀಡು. ಚದುರ್ತವೆ. ಯಾವ್ದುಕ್ಕೂ ತಾಕಕ್ಕಿಲ್ಲ. ಅಂಗೇ ಮಾಡ್ದೆ. ಮರದ ತುದೀಗೆ ಇಟ್ಟೆ, ಜನ ಇಲ್ಲದ ಕಡೆ. ಎಲೆ ಒಳಗೆ ಆ ಮಗ ಅವ್ನೆ ಅಂತ...”

“ಯಾಕೆ ಚದುರಿಸಬೇಕಿತ್ತು?” ಕೇಳಲೇಬೇಕಾದ ಪ್ರಶ್ನೆ, ಉತ್ತರ ಗೊತ್ತಿದ್ದೇ ಕೇಳಿದ.

“ನಿಮ್ ಬಂದೂಕ ಎದ್ದಿತ್ತಲ್ಲ ಬುದ್ಧಿ. ನನ್ ಮಗನ ಎದೆಗೇ ಎದ್ದಿತ್ತು.”

ಮಂಟಯ್ಯನ ಲೇಖನಿ ನಿಂತಿತು. ಇದನ್ನೂ ಬರೆಯಲೇ ಎಂಬಂತೆ ನೋಡಿದ.

“ಬರಿ,” ಎಂದ ತಿಪ್ಪೇರುದ್ರಯ್ಯ.

ಮಹದೇವಯ್ಯ ಎತ್ತಿನ ಕೊರಳಿಗೆ ಮುಖ ಒತ್ತಿ ನಿಂತಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ತಂದೆ ಅವನ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ಇನ್ನೊಂದು ಇಡಲಿಲ್ಲ.

ಕೋವಿಯ ಜಪ್ತಿ ಪಂಚನಾಮೆ ಹನ್ನೆರಡಕ್ಕೆ ಮುಗಿಯಿತು. ದಸ್ತಗಿರಿಯ ಹೊತ್ತು ಹನ್ನೆರಡೂ ಹತ್ತು ಎಂದು ಬರೆದರು. ತಿಪ್ಪೇರುದ್ರಯ್ಯ ದಿನಚರಿಯಲ್ಲಿ ತನ್ನ ಕೈಯಾರೆ ಸೇರಿಸಿದ: ಆರೋಪಿಗೆ ಮೃತನ ಮೇಲೆ ಹಗೆಯಿಲ್ಲ. ಪೊಲೀಸರು ಗುಂಡು ಹಾರಿಸುವರೆಂಬ ಭಯದಿಂದ ಮಗನನ್ನು ಉಳಿಸಿಕೊಳ್ಳಲು ಈ ಕೃತ್ಯ. ಬಂದೂಕು ಎತ್ತುವಂತೆ ಆಜ್ಞೆ ಮಾಡಿದವನು ಕೆಳಗೆ ರುಜು ಮಾಡಿರುವ ನಾನು. ಆಮೇಲೆ ರುಜು ಮಾಡಿದ.

ಕೋಟೆಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಗಾಡಿ ಬರುವುದು ಎರಡು ಗಂಟೆಗೆ. ಅದಕ್ಕೆ ಮೊದಲು ಕೆರೆ ಏರಿಯ ಕೆಳಗಿನ ಹೊಲಕ್ಕೆ ಹೋದರು. ಚಿಕ್ಕಸಿದ್ದಮ್ಮನಿಗೆ ಯಾರೋ ಹೇಳಿದ್ದರು; ಮುಂಚೆಯೇ ಬಂದು ಕೂತಿದ್ದಳು. ಮಣ್ಣಿನ ಗುಡ್ಡೆಯ ಮೇಲೆ ಹುಲ್ಲು ಚಿಗುರಿತ್ತು. ಅವಳ ಪಕ್ಕದಲ್ಲಿ ಕುಡಿಕೆ ಬೋರಲಾಗಿ, ಬಾಳೆ ಎಲೆಯಲ್ಲಿ ಕಟ್ಟಿದ ಗಂಟೊಂದು. ದೊಡ್ಡಬೀರಯ್ಯನ ಕೈಗೆ ಬೇಡಿ ಹಾಕಿದ್ದರು. ಮಹದೇವಯ್ಯ ದೂರದಿಂದ ಹಿಂಬಾಲಿಸಿ ಬಂದು ಏರಿಯ ಮೇಲೆ ನಿಂತ.

ತಿಪ್ಪೇರುದ್ರಯ್ಯ ಟೋಪಿ ತೆಗೆದ. ಬೂಟನ್ನೂ ಬಿಚ್ಚಿದ. ಅವನ ಸೀಮೆಯಲ್ಲಿ ಸತ್ತವರ ಮುಂದೆ ಹಾಗೆ ನಿಲ್ಲುವುದು.

“ಚೆಲುವಯ್ಯ,” ಎಂದು ಮಣ್ಣನ್ನು ಕರೆದ. “ಗುಂಡು ಹೊಡೆದವನು ದೊಡ್ಡಬೀರಯ್ಯ. ಹೊಡೆಯುವಷ್ಟು ಅವನನ್ನ ಹೆದರಿಸಿದವನು ತಿಪ್ಪೇರುದ್ರಯ್ಯ. ಬಂದೂಕು ಎತ್ತಿಸಿದ್ದು ನಾನು. ಎರಡು ಹೆಸರು.”

ಚಿಕ್ಕಸಿದ್ದಮ್ಮ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. ಕೂಗಲಿಲ್ಲ, ಮಣ್ಣು ತೂರಲಿಲ್ಲ. ಹಾಗೆ ಮಾಡಿಯಾಳೆಂದು ಹೆದರಿ ಮಂಟಯ್ಯ ಮುಂದೆ ಬಂದಿದ್ದ.

“ಬೀರಣ್ಣ,” ಎಂದಳು. “ನಿನ್ ಮಗ ಬದುಕ್ಕೊಂಡ, ಅಲ್ವಾ?”

ದೊಡ್ಡಬೀರಯ್ಯ ಏರಿಯ ಕಡೆ ತಿರುಗಿ ನೋಡಿದ. “ಬದುಕವ್ನೆ ಕಣವ್ವ.”

“ಊಂ.”

ಕೆರೆಯ ಕಡೆಯಿಂದ ಯಾರೋ ಎತ್ತು ತೊಳೆಯುವ ಸದ್ದು ಬರುತ್ತಿತ್ತು. ಆಮೇಲೆ ಕುಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ಮೇಲ್ಮುಖ ಮಾಡಿ ನೆಲಕ್ಕೆ ಒತ್ತಿದಳು. ಚೊಂಬಿನ ನೀರು ಹೊಯ್ದಳು. ಎಲೆ ಬಿಚ್ಚಿ ಮುದ್ದೆ ಇಟ್ಟಳು, ಹುರುಳಿಕಾಳಿನ ಸಾರು ಬಡಿಸಿದಳು.

“ಬಾ ಮಗ,” ಎಂದಳು. “ಉಣ್ಣು.”